ಪಾಲಿಬೆಟ್ಟ ಬಂತು, ಇಳೀರಿ!

ಜನರನ್ನು ನಗಿಸುತ್ತೇನೆ ಎಂದು ಹೊರಟವನಿಗೆ ಊರಿನವರು ಬೇಕಾದಷ್ಟು ಸಹಾಯ ಮಾಡುತ್ತಾರೆ. ನಗಿಸಿದ್ದು ಸಾಕು, ಇಲ್ಲಿಗೆ ನಿಲ್ಲಿಸುತ್ತೇನೆ ಎಂದು ಒಂದು ಸಲ ಹೇಳಿ ನೋಡಿ, ಊರಿಗೆ ಊರೇ ಅಡ್ಡ ಬಂದು ನಿಲ್ಲುತ್ತದೆ. ನನಗೆ ಒಂದು ವರ್ಷದುದ್ದಕ್ಕೂ ಹೀಗೇ ಆಯಿತು. ಒಬ್ಬರಿಂದ ತಪ್ಪಿಸಿಕೊಂಡೆ ಅನ್ನುವಷ್ಟರಲ್ಲಿ ಇನ್ನೊಬ್ಬರು ಎದುರಾಗುತ್ತಿದ್ದರು.

ನಾನು ಪಾಲಿಬೆಟ್ಟದ ಹತ್ತಿರದ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್. ಬೆಳಿಗ್ಗೆ ಕೆಲಸದವರ ಹಾಜರಿ ಬರೆಯುವುದು, ಪಿಕ್ಕಿಂಗ್ ಕಾಲದಲ್ಲಿ ಹಣ್ಣು ತೂಗಿಸುವುದು, ಪಲ್ಪರ್ ಹತ್ತಿರ ನಿಂತು ಕಾಫಿ ತೊಳೆಸುವುದು ನನ್ನ ಕೆಲಸ. ನಾಟಕ ಬರೆಯುವುದು ನನ್ನ ಚಟ. ಎಸ್ಟೇಟಿನ ಕೆಲಸದವರು ಇರುವ ಲೈನ್ ಮನೆಗಳ ಎದುರು ನಾವು ಆಡಿದ ಒಂದು ನಾಟಕವನ್ನು ನೋಡಿದ ಗೋಣಿಕೊಪ್ಪಲಿನ ಲೋಕಲ್ ಕೇಬಲ್ ಚಾನೆಲ್ಲಿನ ಯಜಮಾನರು, "ರೈಟ್ರೇ, ನಮ್ಮ ಚಾನೆಲ್ಲಿಗೆ ವಾರಕ್ಕೊಂದು ಕಾಮಿಡಿ ಬರ್ಕೊಡಿ" ಅಂದರು. ಹಾಗೆ ಹುಟ್ಟಿದ್ದು 'ಜಾಗ ಉಂಟು, ಹತ್ತಿ' ಎಂಬ ನಮ್ಮ ಧಾರಾವಾಹಿ. ಗೋಣಿಕೊಪ್ಪಲಿನಿಂದ ಪಾಲಿಬೆಟ್ಟಕ್ಕೆ ಹೊರಟ ಒಂದು ಬಾಡಿಗೆ ಜೀಪು, ಒಬ್ಬ ಡ್ರೈವರ್, ಐದು ಜನ ಪ್ರಯಾಣಿಕರು, ವಾರಕ್ಕೊಂದು ತಕರಾರು. ತಕರಾರಿನ ಗಲಾಟೆಯಲ್ಲಿ ಜೀಪು ಯಾವ ವಾರವೂ ಪಾಲಿಬೆಟ್ಟ ತಲುಪುವುದಿಲ್ಲ. ಕತೆ ಇಷ್ಟೇ.

ನಾನು ಹಾಕಿದ ಶರತ್ತೂ ಒಂದೇ. ಐವತ್ತೆರಡು ವಾರ, ಐವತ್ತೆರಡು ಕಂತು, ಐವತ್ತಮೂರನೆಯದು ಇಲ್ಲ. ಕಾಗದದ ಮೇಲೆ ಬರೆದುಕೊಟ್ಟೆ. "ಮೊದಲು ಐದು ಕಂತು ಓಡ್ಲಿ ಮಾರಾಯ್ರೇ" ಎಂದು ನಗುತ್ತಲೇ ಯಜಮಾನರು ಸಹಿ ಹಾಕಿದರು. ಓದದೆ ಸಹಿ ಹಾಕುವವರೂ ಇದ್ದಾರೆ, ಇವರು ಓದಿ, ನಕ್ಕು, ಸಹಿ ಹಾಕಿದವರು. ಮುಂದಿನ ತಾಪತ್ರಯಕ್ಕೆಲ್ಲ ಆ ನಗುವೇ ಮೂಲ.

ಮಾವನವರ ನಗು

ಒಂದೇ ವರ್ಷಕ್ಕೆ ಏಕೆ ನಿಲ್ಲಿಸುವುದು ಎಂದು ಎಲ್ಲರೂ ಕೇಳುತ್ತಿದ್ದರು. ಅದಕ್ಕೆ ಕಾರಣ ನನ್ನ ಹೆಂಡತಿಯ ಅಪ್ಪ. ಕೊನೆಗಾಲದಲ್ಲಿ ಅವರು ನಮ್ಮ ಜೊತೆಗೇ ಇದ್ದರು, ಟಿ.ವಿ. ಎದುರಿನ ಬೆತ್ತದ ಕುರ್ಚಿ ಅವರದು.

ಬಹಳ ಹಿಂದೆ ಟಿ.ವಿ.ಯಲ್ಲಿ ಒಂದು ಹಾಸ್ಯ ಧಾರಾವಾಹಿ ಬರುತ್ತಿತ್ತಂತೆ. ಹದಿಮೂರು ವಾರ ಬಂದು, ಜನ ಇನ್ನೂ ಬೇಕು ಬೇಕು ಅನ್ನುತ್ತಿರುವಾಗಲೇ ಮುಗಿದುಹೋಯಿತಂತೆ. ಮಾವ ಅದರ ಒಂದೊಂದು ಮಾತನ್ನೂ ಬಾಯಿಪಾಠ ಹೇಳುತ್ತಿದ್ದರು. ಏಲಕ್ಕಿ ಬಿಡಿಸುತ್ತ ಒಬ್ಬರೇ ಕೂತು ನಗುತ್ತಿದ್ದರೆ, ಆ ಧಾರಾವಾಹಿ ನೆನಪಾಗಿದೆ ಎಂದೇ ಲೆಕ್ಕ. ಮುಗಿದು ಮೂವತ್ತು ವರ್ಷವಾದ ಮೇಲೂ ಅದು ನಮ್ಮ ಮನೆಯಲ್ಲಿ ಓಡುತ್ತಲೇ ಇತ್ತು.

ಆಮೇಲೆ ಇನ್ನೊಂದು ಬಂತು. ಅದೂ ಮೊದಮೊದಲು ಹೊಟ್ಟೆ ಹುಣ್ಣಾಗುವಷ್ಟು ನಗಿಸಿತು. ಜನ ಮೆಚ್ಚಿದರು ಅಂತ ಎಳೆದರು. ಎಳೆಯುತ್ತ ಎಳೆಯುತ್ತ ನಗಿಸುವ ಅಪ್ಪನಿಗೆ ಅಪಘಾತವಾಯಿತು, ಅಮ್ಮ ಅಳಲು ಶುರು ಮಾಡಿದಳು, ನಾದಿನಿ ಪಾಯಸಕ್ಕೆ ವಿಷ ಹಾಕಿದಳು. ಮಾವ ಮಾತ್ರ ದಿನವೂ ನಗಲು ತಯಾರಾಗಿ ಕುರ್ಚಿಯಲ್ಲಿ ಕೂರುತ್ತಿದ್ದರು.

"ಮಾವ, ಇದರಲ್ಲಿ ನಗು ಹೋಗಿ ಮೂರು ವರ್ಷ ಆಯ್ತಲ್ಲ?" ಎಂದು ಕೇಳಿದೆ.

"ಇರಿ ಅಳಿಯಂದ್ರೇ, ನಾವು ಎದ್ದು ಹೋದ ದಿನವೇ ಬಂದುಬಿಟ್ರೆ?" ಅಂದರು.

ನನಗೆ ಪಾಪ ಅನಿಸಿತು, ಸಿಟ್ಟೂ ಬಂತು. ಪಲ್ಪರಿನಲ್ಲಿ ತಿರುಳು ತೆಗೆದ ಕಾಫಿ ಬೀಜವನ್ನು ತೊಟ್ಟಿಯಲ್ಲಿ ಹುಳಿ ಬರಲು ಬಿಡುತ್ತೇವೆ. ಆಗಾಗ ಒಂದು ಮುಷ್ಟಿ ತೆಗೆದು ಉಜ್ಜಿ ನೋಡಬೇಕು. ಅಂಟು ಹೋಗಿ ಬೀಜ ಗರಗರ ಅಂತು ಅಂದರೆ ಆ ಕ್ಷಣವೇ ತೊಳೆಯಬೇಕು. ಸ್ವಲ್ಪ ಇರಲಿ ಎಂದು ಬಿಟ್ಟಿರೋ, ತೊಟ್ಟಿಯಷ್ಟೂ ಕಾಫಿ ನಾರುತ್ತದೆ. ಕಾಫಿಗೆ ಇರುವ ಈ ಮರ್ಯಾದೆ ಮನುಷ್ಯರ ನಗುವಿಗೆ ಬೇಡವೇ? ನಾನು ಬರೆದರೆ ಗರಗರ ಅನ್ನುವಾಗಲೇ ನಿಲ್ಲಿಸುತ್ತೇನೆ ಎಂದು ಆಗಲೇ ತೀರ್ಮಾನಿಸಿದ್ದೆ.

ಒಂದು ಸಂಜೆ ಮಾವ ಗಟ್ಟಿಯಾಗಿ ನಕ್ಕದ್ದು ಕೇಳಿ ನಾವೆಲ್ಲ ಒಳಗಿನಿಂದ ಓಡಿ ಬಂದೆವು. ಅಂತೂ ಧಾರಾವಾಹಿಗೆ ನಗು ವಾಪಸು ಬಂದಿರಬೇಕು!

"ಎಂತ ಆಯ್ತು ಮಾವ?"

ಮಾವ ಕಣ್ಣೊರೆಸಿಕೊಂಡು ಹೇಳಿದರು: "ಅವಳು ಅಳ್ಲಿಕ್ಕೆ ಬಾಯಿ ತೆಗೆದಳು ನೋಡಿ, ಕರೆಂಟು ಹೋಯ್ತು!"

ಮರದವನಿಗೂ ಜಾಗ

ಜೀಪು ಓಡಿಸುತ್ತ ಶೂಟಿಂಗ್ ಮಾಡಿದರೆ ಇಂಜಿನ್ ಸದ್ದಿನಲ್ಲಿ ಮಾತು ಕೇಳುವುದಿಲ್ಲ. ಹಾಗಾಗಿ ಚಾನೆಲ್ ಆಫೀಸಿನ ಹಿಂದಿನ ಖಾಲಿ ಜಾಗದಲ್ಲಿ ಜೀಪನ್ನು ನಿಲ್ಲಿಸಿ, ನಾಲ್ಕು ಜನ ಹೊರಗಿನಿಂದ ಅದನ್ನು ಅಲ್ಲಾಡಿಸುತ್ತಿದ್ದರು. ರಸ್ತೆ ಬದಿಯ ಮರಗಳು ಹಿಂದೆ ಹೋಗುವ ಹಾಗೆ ಕಾಣಬೇಕಲ್ಲ, ಅದಕ್ಕೆ ಒಬ್ಬ ಸಿಲ್ವರ್ ಓಕಿನ ದೊಡ್ಡ ಕೊಂಬೆ ಹಿಡಿದುಕೊಂಡು ಜೀಪಿನ ಪಕ್ಕದಲ್ಲಿ ಮುಂದಿನಿಂದ ಹಿಂದಕ್ಕೆ ಓಡುತ್ತಿದ್ದ. ಓಡಿ, ಸುತ್ತು ಹಾಕಿ, ಮತ್ತೆ ಮುಂದಿನಿಂದ ಬರುತ್ತಿದ್ದ.

ಡ್ರೈವರ್ ಪಾತ್ರ ಮಾಡುತ್ತಿದ್ದವರು ನಿಜವಾಗಿಯೂ ಆ ರೂಟಿನಲ್ಲಿ ಮೂವತ್ತು ವರ್ಷ ಜೀಪು ಓಡಿಸಿದವರು. ಪ್ರತಿ ಕಂತು ಅವರ ಕೂಗಿನಿಂದಲೇ ಶುರು. ಹನ್ನೊಂದನೆಯ ಕಂತಿನ ದಿನ ಅವರು ಎಂದಿನಂತೆ, "ಪಾಲಿಬೆಟ್ಟ, ಪಾಲಿಬೆಟ್ಟ, ಪಾಲಿಬೆಟ್ಟ! ಜಾಗ ಉಂಟು, ಹತ್ತಿ!" ಎಂದು ಕೂಗಿದರು. ಅಂದು ಸಂತೆ. ಒಣಮೀನಿನ ಚೀಲ ಹಿಡಿದಿದ್ದ ಒಬ್ಬ ಹೆಂಗಸು ಗೇಟಿನೊಳಗೆ ಓಡಿ ಬಂದವರೇ ಜೀಪು ಹತ್ತಿ, "ಆಚೆ ಸರೀರಿ ಸ್ವಲ್ಪ" ಎಂದು ನಮ್ಮ ನಟರೊಬ್ಬರನ್ನು ತಳ್ಳಿ ಕೂತುಬಿಟ್ಟರು.

ಕ್ಯಾಮೆರಾ ಓಡುತ್ತಿತ್ತು. ನಾನು ನಿಲ್ಲಿಸಿ ಅನ್ನಲು ಕೈ ಎತ್ತಿದೆ. ಅಷ್ಟರಲ್ಲಿ ನಟರು ಮಾತು ಶುರು ಮಾಡಿಯಾಗಿತ್ತು. ಆ ವಾರದ ತಕರಾರು, ಪಕ್ಕದ ಮನೆಗೆ ಹೋಗಿ ಮೊಟ್ಟೆ ಇಟ್ಟ ಕೋಳಿಯದು. ಮೊಟ್ಟೆ ಯಾರಿಗೆ ಸೇರಬೇಕು? ಹೆಂಗಸು ಎರಡು ನಿಮಿಷ ಕೇಳಿದರು. ಮೂರನೇ ನಿಮಿಷಕ್ಕೆ ಅವರಿಗೆ ತಡೆಯಲಾಗಲಿಲ್ಲ.

"ಅಲ್ಲ ಮಾರಾಯ್ರೇ, ಕೋಳಿ ನಿಮ್ಮ ಮನೆ ಬಿಟ್ಟು ಅವರ ಮನೆಗೆ ಹೋಗಿ ಇಟ್ಟಿದೆ ಅಂದ್ರೆ ನಿಮ್ಮ ಮನೇಲಿ ಎಂತ ಕಷ್ಟ ಉಂಟು ಅಂತ ಮೊದಲು ಅದನ್ನು ಕೇಳಿ!"

ನಟರು ನನ್ನ ಸಂಭಾಷಣೆ ಬಿಟ್ಟು ಅವರ ಜೊತೆ ಜಗಳಕ್ಕೆ ಇಳಿದರು. ಜೀಪು ಅಲ್ಲಾಡುತ್ತಲೇ ಇತ್ತು. ನಾನು ಬರೆದದ್ದಕ್ಕಿಂತ ಅವರ ಮಾತೇ ಚೆನ್ನಾಗಿತ್ತು ಎಂದು ಒಪ್ಪಿಕೊಳ್ಳಲು ನನಗೇನೂ ನಾಚಿಕೆಯಿಲ್ಲ. ಇಪ್ಪತ್ತು ನಿಮಿಷವಾದ ಮೇಲೆ ಅವರು ಹೊರಗೆ ಇಣುಕಿದರು. ಮತ್ತೆ ಇಣುಕಿದರು. ಮೂರನೇ ಸಲ ಇಣುಕಿ ಡ್ರೈವರಿನ ಬೆನ್ನು ತಟ್ಟಿದರು.

"ಡ್ರೈವರೇ, ಆ ಮರ ಹಿಡ್ಕೊಂಡು ಓಡುವವನಿಗೆ ಪಾಪ ಆವಾಗಿಂದ ಸುಸ್ತಾಗಿದೆ. ಜಾಗ ಉಂಟಲ್ಲ, ಅವನನ್ನೂ ಹತ್ತಿಸ್ಕೊಳ್ಳಿ!"

ಒಳ್ಳೆಯ ಮಂಡಿನೋವು

ಆ ಕಂತನ್ನು ಹಾಗೆಯೇ ಹಾಕಿದೆವು. ಅಲ್ಲಿಂದ ಧಾರಾವಾಹಿ ಊರೆಲ್ಲ ಮಾತಾಯಿತು. ಭಾನುವಾರ ಸಂಜೆ ಏಳು ಗಂಟೆಗೆ ಗೋಣಿಕೊಪ್ಪಲಿನ ಪೇಟೆ ಅರ್ಧ ಖಾಲಿ. ಕೇಬಲ್ ಇಲ್ಲದವರು ಮೊಬೈಲಿನಲ್ಲಿ ನೋಡುತ್ತಿದ್ದರು. ಯಜಮಾನರು ನನ್ನನ್ನು ಕಂಡಾಗಲೆಲ್ಲ ಹೆಗಲ ಮೇಲೆ ಕೈ ಹಾಕತೊಡಗಿದರು. ಆ ಕೈಯ ಭಾರ ವಾರದಿಂದ ವಾರಕ್ಕೆ ಹೆಚ್ಚುತ್ತ ಹೋಯಿತು.

ಜೀಪಿನ ಪ್ರಯಾಣಿಕರಲ್ಲಿ ಜನರಿಗೆ ಬಹಳ ಮೆಚ್ಚುಗೆಯಾದವರು ಮಂಡಿನೋವಿನ ಅಕ್ಕ. ಜಗಳ ಯಾವುದೇ ಇರಲಿ, ಅದನ್ನು ತನ್ನ ಮಂಡಿಗೆ ತಂದು ಮುಟ್ಟಿಸುವ ಪಾತ್ರ. ಆ ಪಾತ್ರ ಮಾಡುತ್ತಿದ್ದವರು ಒಬ್ಬ ಅಂಗನವಾಡಿ ಟೀಚರ್. ಅವರಿಗೆ ಯಾವ ನೋವೂ ಇರಲಿಲ್ಲ, ಜಿಂಕೆಯ ಹಾಗೆ ಓಡಾಡುವವರು.

ತೊಂದರೆ ಶುರುವಾದದ್ದು ಬಸ್ ಸ್ಟ್ಯಾಂಡಿನಲ್ಲಿ. ಒಂದು ದಿನ ಬಸ್ಸು ಹೊರಡುತ್ತಿದೆ ಎಂದು ಇವರು ಓಡಿದರು. ನೋಡಿದ ಇಬ್ಬರು ಹೆಂಗಸರು ಅಲ್ಲೇ ಗಟ್ಟಿಯಾಗಿ ಮಾತಾಡಿಕೊಂಡರಂತೆ: "ನಿನ್ನೆ ಅಯ್ಯಯ್ಯೋ ಅಂತಿದ್ದವರು ಇವತ್ತು ನೋಡು, ಬಸ್ಸಿಗೆ ಓಡ್ತಾರೆ! ನಾನು ಸುಮ್ಮನೆ ಇವರಿಗೋಸ್ಕರ ದೇವರಿಗೆ ಹರಕೆ ಹೇಳಿದೆ."

ಅಂದಿನಿಂದ ಟೀಚರ್ ಪೇಟೆಯಲ್ಲಿ ಕುಂಟಿಕೊಂಡೇ ನಡೆಯಬೇಕಾಯಿತು. ತರಕಾರಿಯವರು ಎಣ್ಣೆ ಕೊಟ್ಟರು. ಬಟ್ಟೆ ಅಂಗಡಿಯ ಬ್ಯಾರಿ ಅಮ್ಮ ಯಾವುದೋ ಸೊಪ್ಪು ಕಟ್ಟಿಕೊಟ್ಟರು. ಕುಂಟುತ್ತ ಹೋಗಿ ಹೋಗಿ ದಿನವೂ ಬಸ್ಸು ತಪ್ಪುತ್ತಿತ್ತು. ಇಪ್ಪತ್ತನೆಯ ಕಂತಿನ ಹೊತ್ತಿಗೆ ಅವರು ನನಗೆ ಕೈ ಮುಗಿದರು.

"ರೈಟ್ರೇ, ಐವತ್ತೆರಡಕ್ಕೆ ಗ್ಯಾರಂಟಿ ಮುಗಿಸ್ತೀರಲ್ಲ? ನನಗೆ ಒಂದು ಸಲ ಬಸ್ಸಿಗೆ ಓಡ್ಬೇಕು."

ಅಷ್ಟು ಜನರಲ್ಲಿ ನನ್ನ ಪಕ್ಷದವರು ಒಬ್ಬರಾದರೂ ಇದ್ದಾರಲ್ಲ ಎಂದು ನಾನು ಸಮಾಧಾನ ಪಟ್ಟುಕೊಂಡೆ. ನಲವತ್ತನೆಯ ಕಂತಿನ ದಿನ, "ಇನ್ನು ಹನ್ನೆರಡೇ ವಾರ ಟೀಚರೇ, ಆಮೇಲೆ ನೀವು ಓಡಬಹುದು" ಎಂದು ನೆನಪು ಮಾಡಿದೆ. ಅವರ ಮುಖ ಸಪ್ಪಗಾಯಿತು.

"ಎಂತಕ್ಕೆ ಮುಗಿಸ್ತೀರಿ? ಈಗ ಬಸ್ಸಿನವರು ನಾನು ಬರುವ ತನಕ ಕಾಯ್ತಾರೆ. ಮುಂದಿನ ಸೀಟು ಯಾರಿಗೂ ಕೊಡುವುದಿಲ್ಲ. ಚೀಲ ಹತ್ತಿಸಿಯೂ ಕೊಡ್ತಾರೆ. ರೈಟ್ರೇ, ಇಷ್ಟು ಒಳ್ಳೆ ಮಂಡಿನೋವು ನನಗೆ ಇನ್ನೆಲ್ಲಿ ಸಿಗ್ತದೆ?"

ಲಾಯ್ಕ ಉಟ್ಟು

ನಲವತ್ತನಾಲ್ಕನೆಯ ವಾರ ಯಜಮಾನರು ನೇರವಾಗಿ ಎಸ್ಟೇಟಿಗೇ ಬಂದರು. ನಾನು ಕಾಫಿ ಕಣದಲ್ಲಿ ಹಣ್ಣು ಹರಡಿಸುತ್ತಿದ್ದೆ. ಅವರು ಕಣದ ಕಟ್ಟೆಯ ಮೇಲೆ ಕೂತು ಒಂದು ಪುಸ್ತಕ ಬಿಚ್ಚಿದರು. ಅದರಲ್ಲಿ ಮುಂದಿನ ನೂರು ಕಂತಿಗೆ ಕತೆ ಇತ್ತು.

"ಡ್ರೈವರಿಗೆ ಒಬ್ಬ ಅವಳಿ ಅಣ್ಣ. ಚಿಕ್ಕಂದಿನಲ್ಲಿ ಕಾವೇರಿ ಸಂಕ್ರಮಣದ ಜನಜಂಗುಳಿಯಲ್ಲಿ ತಪ್ಪಿಹೋದವ. ಅವನು ವಾಪಸು ಬರ್ತಾನೆ. ಮಂಡಿನೋವಿನ ಅಕ್ಕನಿಗೆ ನೆನಪು ಹೋಗ್ತದೆ. ಜೀಪಿಗೆ ಒಂದು ಭೂತ ಹತ್ತುತ್ತದೆ."

"ಭೂತ ಎಲ್ಲಿ ಕೂರ್ತದೆ ಸಾರ್? ಸೀಟು ಎಲ್ಲ ಭರ್ತಿ ಉಂಟಲ್ಲ?"

"ತಮಾಷೆ ಬೇಡ ರೈಟ್ರೇ. ನಿಮ್ಮಂಥ ಪ್ರತಿಭೆ ಇಡೀ ಕೊಡಗಿನಲ್ಲಿ ಇಲ್ಲ. ನಿಮಗೆ ಐವತ್ತೆರಡು ಎಲ್ಲಿ ಸಾಕು?"

ಹೊಗಳಿಕೆಗೆ ಕರಗುವ ಜಾತಿಯವನು ನಾನಲ್ಲ ಎಂದು ನಂಬಿಕೊಂಡಿದ್ದೆ. ಸುಳ್ಳು. ಸಂಜೆ ಮನೆಗೆ ಹೋಗಿ ಅವಳಿ ಅಣ್ಣನ ಒಂದು ಕಂತು ಬರೆದೇಬಿಟ್ಟೆ. ಬರೆದಷ್ಟೂ ಚೆನ್ನಾಗಿದೆ ಅನಿಸಿತು. ನೂರು ಕಂತು ಏನು, ಇನ್ನೂರು ಬರೆದೇನು ಅನಿಸಿತು.

ನಮ್ಮ ಮನೆಯಲ್ಲಿ ಒಂದು ಪದ್ಧತಿ ಇದೆ. ನಾನು ಬರೆದದ್ದನ್ನು ಮೊದಲು ಓದುವವಳು ನನ್ನ ಹೆಂಡತಿ. ಅವಳಿಗೆ ಬೇರೆ ಪುರುಸೊತ್ತು ಇಲ್ಲದ ಕಾರಣ ರೊಟ್ಟಿ ಬೇಯಿಸುತ್ತಲೇ ಓದುತ್ತಾಳೆ. ಒಂದು ಕೈಯಲ್ಲಿ ಹಾಳೆ, ಇನ್ನೊಂದು ಕೈ ಕಾವಲಿಯ ಮೇಲೆ. ನಗು ಬಂತೋ, ರೊಟ್ಟಿ ಮರೆತುಹೋಗುತ್ತದೆ. ಹಾಗಾಗಿ ಕಂತು ಚೆನ್ನಾಗಿ ಬಂದ ದಿನ ನನಗೆ ಸೀದ ರೊಟ್ಟಿ. ನಲವತ್ತನಾಲ್ಕು ವಾರ ವಾರಕ್ಕೊಂದು ದಿನ ನಾನು ಕರಿ ರೊಟ್ಟಿ ತಿಂದಿದ್ದೆ.

ಅಂದು ತಟ್ಟೆಗೆ ಬಂದ ಅಕ್ಕಿ ರೊಟ್ಟಿ ಹಾಲಿನಷ್ಟು ಬೆಳ್ಳಗಿತ್ತು. ಎರಡನೆಯದೂ ಹಾಗೆಯೇ. ಮೂರನೆಯದು ಪೂರಿಯಂತೆ ಉಬ್ಬಿಯೂ ಬಂತು.

"ಹೇಗುಂಟು?" ಎಂದು ಮೆಲ್ಲಗೆ ಕೇಳಿದೆ.

ಅವಳು ಹಾಳೆಗಳನ್ನು ಅಚ್ಚುಕಟ್ಟಾಗಿ ಜೋಡಿಸಿ ನನ್ನ ತಟ್ಟೆಯ ಪಕ್ಕದಲ್ಲಿಟ್ಟು, ಚೆನ್ನಾಗಿದೆ ಎಂದು ನಮ್ಮ ಅರೆಭಾಷೆಯಲ್ಲಿ ಹೇಳಿದಳು: "ಲಾಯ್ಕ ಉಟ್ಟು."

ಮದುವೆಯಾಗಿ ಇಪ್ಪತ್ತಾರು ವರ್ಷದಲ್ಲಿ ಅವಳು ನನಗೆ ಬೈದದ್ದು ಸಾಕಷ್ಟಿದೆ, ಇಷ್ಟು ಕೆಟ್ಟದಾಗಿ ಬೈದದ್ದು ಇಲ್ಲ. ಮಾವನ ಬೆತ್ತದ ಕುರ್ಚಿ ಅಲ್ಲೇ ಖಾಲಿ ಇತ್ತು. ನನಗೆ ನಾಚಿಕೆಯಾಯಿತು. ಅವಳಿ ಅಣ್ಣನನ್ನು ಹಾಗೆಯೇ ಒಲೆಗೆ ಹಾಕಿ, ಮೂರು ದಿನ ಕೂತು ನಲವತ್ತೈದನೆಯ ಕಂತನ್ನು ಹೊಸದಾಗಿ ಬರೆದೆ. ಅಡಿಗೆಮನೆಗೆ ಹಾಳೆ ಕೊಟ್ಟು ಜಗಲಿಯಲ್ಲಿ ಕಾದೆ. ಮೊದಲು ಅವಳ ನಗು ಕೇಳಿತು, ಹಿಂದೆಯೇ ಹೊಗೆ ಬಂತು.

ಅಷ್ಟು ಕರಿ ರೊಟ್ಟಿಯನ್ನು ಅಷ್ಟು ಖುಷಿಯಿಂದ ತಿಂದ ಗಂಡಸು ಇಡೀ ಕೊಡಗಿನಲ್ಲಿ ಇರಲಿಕ್ಕಿಲ್ಲ. ಎರಡನೇ ಸಲವೂ ಹಾಕಿಸಿಕೊಂಡೆ.

ಮುಹೂರ್ತವಿಲ್ಲ

ಕತೆಯಿಂದ ನನ್ನನ್ನು ಬಗ್ಗಿಸಲು ಆಗಲಿಲ್ಲ ಎಂದಾದ ಮೇಲೆ ಯಜಮಾನರು ದೇವರ ಮೊರೆ ಹೋದರು. "ಶುರು ಮಾಡುವಾಗ ಮುಹೂರ್ತ ನೋಡಿದ್ದೇವೆ, ಮುಗಿಸುವಾಗಲೂ ನೋಡಬೇಕಲ್ಲ" ಎಂದು ನನ್ನನ್ನು ಮಡಿಕೇರಿಗೆ, ಅವರಿಗೆ ಗೊತ್ತಿದ್ದ ಒಬ್ಬ ಜೋಯಿಸರ ಮನೆಗೆ ಕರೆದುಕೊಂಡು ಹೋದರು.

ಜೋಯಿಸರು ಕವಡೆ ಹಾಕಿದರು. ಬೆರಳು ಮಡಿಸಿದರು. ಪಂಚಾಂಗ ತಿರುವಿದರು. ಬಹಳ ಗಂಭೀರವಾಗಿ ತಲೆ ಅಲ್ಲಾಡಿಸಿದರು.

"ಸಮಾಪ್ತಿಗೆ ಯೋಗವೇ ಕಾಣ್ತಾ ಇಲ್ಲ. ಮುಂದಿನ ಮೂರು ವರ್ಷ ಮುಟ್ಟಬೇಡಿ."

ಯಜಮಾನರು ನನ್ನ ಕಡೆ ನೋಡಿ, ತನ್ನ ಕೈಯಲ್ಲಿ ಏನೂ ಇಲ್ಲ ಎಂಬಂತೆ ಎರಡೂ ಕೈ ಬಿಚ್ಚಿದರು. ನನಗೆ ನಿಜವಾಗಿಯೂ ಹೆದರಿಕೆಯಾಯಿತು. ಯಜಮಾನರ ಮಾತನ್ನು ಮೀರಬಹುದು, ಜೋಯಿಸರ ಮಾತು ಮೀರಿದೆ ಎಂದು ಗೊತ್ತಾದರೆ ನಟರೊಬ್ಬರೂ ಕೊನೆಯ ಕಂತಿಗೆ ಬರುವುದಿಲ್ಲ.

ಅಷ್ಟರಲ್ಲಿ ಜೋಯಿಸರ ಹೆಂಡತಿ ಕಾಫಿ ತಂದರು. ನನ್ನನ್ನು ನೋಡಿ ಅವರ ಮುಖ ಅರಳಿತು. "ಜೀಪಿನ ಕತೆ ಬರೆಯೋರು ನೀವೇ ಅಲ್ವಾ? ನಮ್ಮನೆಯವರು ಭಾನುವಾರ ಸಂಧ್ಯಾವಂದನೆನ ಆರೂವರೆಗೇ ಮುಗಿಸಿ ಮೊಬೈಲ್ ಹಿಡಿದು ಕೂತುಬಿಡ್ತಾರೆ. ಮೊನ್ನೆ ಯಾರೋ ಪ್ರಶ್ನೆ ಕೇಳೋಕೆ ಬಂದ್ರೆ, ಏಳೂವರೆ ತನಕ ರಾಹುಕಾಲ ಅಂತ ಹೇಳಿ ಕಳಿಸಿದ್ರು!"

ಜೋಯಿಸರು ಕವಡೆ ಎಣಿಸುವುದರಲ್ಲಿ ಮುಳುಗಿದರು. ನಾನು ಕಾಫಿ ಕುಡಿದು ಲೋಟ ಕೆಳಗಿಟ್ಟೆ.

"ಆಗಲಿ ಜೋಯಿಸರೇ, ಸಮಾಪ್ತಿ ಬೇಡ. ಒಂದು ಪ್ರಯಾಣಕ್ಕೆ ದಿನ ನೋಡಿಕೊಡಿ. ಆರೇಳು ಜನ ಗೋಣಿಕೊಪ್ಪಲಿನಿಂದ ಹೊರಟು ಕ್ಷೇಮವಾಗಿ ಊರು ಸೇರಬೇಕು. ಪಾಪ, ಬಹಳ ದಿನದಿಂದ ದಾರಿಯಲ್ಲೇ ಇದ್ದಾರೆ."

ಪ್ರಯಾಣ ಅಂದ ಕೂಡಲೇ ಅವರಿಗೆ ತಮ್ಮ ವಿದ್ಯೆಯ ಹುರುಪು ಬಂತು. "ಅದಕ್ಕೇನಂತೆ! ಈ ಬರುವ ತಿಂಗಳ ಎರಡನೇ ಗುರುವಾರ ಬಹಳ ಪ್ರಶಸ್ತ. ಬೆಳಿಗ್ಗೆ ಹತ್ತಕ್ಕೆ ಹೊರಟರೆ ಯಾರು ಅಡ್ಡ ಬಂದರೂ ತಲುಪಿಯೇ ತಲುಪುತ್ತಾರೆ" ಎಂದು ಕಾಗದದಲ್ಲಿ ಬರೆದೂ ಕೊಟ್ಟರು. ಅದು ಸರಿಯಾಗಿ ಐವತ್ತೆರಡನೆಯ ಕಂತಿನ ಶೂಟಿಂಗಿನ ವಾರ. ನಾನು ಕಾಗದವನ್ನು ಕಣ್ಣಿಗೊತ್ತಿಕೊಂಡು ಜೇಬಿಗೆ ಹಾಕಿದೆ. ಯಜಮಾನರ ಬಿಚ್ಚಿದ ಕೈ ಬಿಚ್ಚಿದ ಹಾಗೆಯೇ ಇತ್ತು.

ಬಾಗಿಲ ತನಕ ಬಂದ ಜೋಯಿಸರಿಗೆ ಯಾವ ಆರೇಳು ಜನ, ಯಾವ ಜೀಪು ಎಂಬುದು ಅಲ್ಲಿ ಹೊಳೆಯಿತು. ಕಂಬ ಹಿಡಿದುಕೊಂಡು ನಿಂತುಬಿಟ್ಟರು.

"ಶಾಸ್ತ್ರ ಹೇಳಿದ್ದು ಹೇಳಿಯಾಯ್ತು, ತಿದ್ದುವ ಹಾಗಿಲ್ಲ" ಎಂದು ನಿಟ್ಟುಸಿರು ಬಿಟ್ಟರು. "ಆದರೆ ರೈಟ್ರೇ, ನನ್ನ ಭಾನುವಾರಗಳಿಗೆ ಪರಿಹಾರ ಎಂತ ಅಂತ ನೀವಾದರೂ ಹೇಳಿ!"

ಕೊನೆಯ ಸ್ಟಾಪು

ಐವತ್ತೆರಡನೆಯ ಕಂತಿಗೆ ನಿಜವಾದ ರಸ್ತೆಯಲ್ಲಿ ನಿಜವಾಗಿ ಜೀಪು ಓಡಿಸಬೇಕೆಂದು ನಾನು ಹಟ ಹಿಡಿದಿದ್ದೆ. ಐವತ್ತೊಂದು ವಾರ ತಲುಪದ ಜೀಪು ಈ ವಾರ ತಲುಪಬೇಕು. ಪಾಲಿಬೆಟ್ಟದ ಜಂಕ್ಷನ್ನಿನಲ್ಲಿ ಡ್ರೈವರ್ "ಪಾಲಿಬೆಟ್ಟ ಬಂತು, ಇಳೀರಿ!" ಎಂದು ಕೂಗಬೇಕು. ಎಲ್ಲರೂ ಇಳಿಯಬೇಕು. ಖಾಲಿ ಜೀಪು ತೋರಿಸಿ ಮುಗಿಸಬೇಕು. ಇಳಿದ ಮೇಲೆ ಒಂದು ಕಳೆ ಇರಲಿ ಎಂದು ವಾಲಗದವರನ್ನೂ ಅಲ್ಲಿ ನಿಲ್ಲಿಸಿದ್ದೆ. "ಇವರು ಪೂರ್ತಿ ಇಳಿದ ಮೇಲೆ ಬಾರಿಸಿ, ಅದಕ್ಕೆ ಮೊದಲು ಬೇಡ" ಎಂದು ಅವರಿಗೆ ಎರಡೆರಡು ಸಲ ಹೇಳಿದ್ದೆ.

ಗುರುವಾರ ಹತ್ತಕ್ಕೆ ಸರಿಯಾಗಿ ಹೊರಟೆವು. ಒಂದು ಕ್ಯಾಮೆರಾವನ್ನು ಬಾನೆಟ್ಟಿಗೆ ಬಿಗಿದಿದ್ದೆವು, ಇನ್ನೊಂದನ್ನು ಹಿಡಿದು ಕ್ಯಾಮೆರಾದವರು ಜೀಪಿನೊಳಗೆ. ನಾನು ಹಿಂದಿನ ಮೂಲೆಯಲ್ಲಿ ಮುದುಡಿಕೊಂಡಿದ್ದೆ. ಯಜಮಾನರು ತಮ್ಮ ಕಾರಿನಲ್ಲಿ ಹಿಂದೆ ಬರುತ್ತಿದ್ದರು. ಮಾತುಗಳೆಲ್ಲ ಹೂವಿನ ಹಾಗೆ ಬಂದವು. ಪಾಲಿಬೆಟ್ಟ ಕಂಡಿತು. ಜಂಕ್ಷನ್ನಿನಲ್ಲಿ ಜಾತ್ರೆಯಷ್ಟು ಜನ. ನನ್ನ ಕಣ್ಣು ತುಂಬಿ ಬಂತು.

ಜೀಪು ನಿಲ್ಲಲಿಲ್ಲ. ಜನರ ನಡುವಿನಿಂದ ಸೊಂಯ್ ಎಂದು ಅಮ್ಮತ್ತಿ ರಸ್ತೆಗೆ ಹೋಗಿಬಿಟ್ಟಿತು.

"ಡ್ರೈವರೇ! ಪಾಲಿಬೆಟ್ಟ ಹೋಯ್ತಲ್ಲ?"

"ಹೌದಾ ರೈಟ್ರೇ? ಗೊತ್ತೇ ಆಗ್ಲಿಲ್ಲ."

ಮೂವತ್ತು ವರ್ಷ ಅದೇ ರೂಟಿನಲ್ಲಿ ಜೀಪು ಓಡಿಸಿದ ಮನುಷ್ಯನಿಗೆ ಪಾಲಿಬೆಟ್ಟ ಗೊತ್ತಾಗಲಿಲ್ಲ! ತಿರುಗಿಸಿಕೊಂಡು ಬಂದರು. ಮತ್ತೆ ನಿಲ್ಲದೆ ದಾಟಿದರು. "ಬ್ರೇಕು ಸ್ವಲ್ಪ ಲೂಸು ಉಂಟು" ಅಂದರು. ಮೂರನೇ ಸಲ ನಾನು ಬೊಬ್ಬೆ ಹೊಡೆದ ಮೇಲೆ ಜಂಕ್ಷನ್ ದಾಟಿ ಸ್ವಲ್ಪ ಮುಂದೆ ನಿಲ್ಲಿಸಿದರು. ಆದರೆ ಇಳೀರಿ ಎಂದು ಕೂಗಲಿಲ್ಲ. ಒಬ್ಬರೂ ಇಳಿಯಲಿಲ್ಲ. ಐದೂ ಜನ ಜೀಪಿನ ಕಂಬಿಯನ್ನು ಗಟ್ಟಿಯಾಗಿ ಹಿಡಿದುಕೊಂಡು ಕೂತಿದ್ದರು.

"ಟೀಚರೇ, ನೀವಾದರೂ ಇಳೀರಿ."

"ಆಗೋದಿಲ್ಲ ರೈಟ್ರೇ. ಮಂಡಿ."

ಹಿಂದೆ ನೋಡಿದೆ. ಯಜಮಾನರು ಕಾರಿನ ಕಿಟಕಿಯಿಂದ ತಲೆ ಹಾಕಿ ಮುಗುಳ್ನಗುತ್ತಿದ್ದರು. ಆಗ ಅರ್ಥವಾಯಿತು. ಎಲ್ಲರೂ ಒಂದಾಗಿದ್ದಾರೆ. ಯಾರೂ ಇಳಿಯದಿದ್ದರೆ ಕತೆ ಮುಗಿಯುವುದಿಲ್ಲ. ಕತೆ ಮುಗಿಯದಿದ್ದರೆ ಐವತ್ತಮೂರು ಬರುತ್ತದೆ. ಐವತ್ತಮೂರರ ಹಿಂದೆ ಅವಳಿ ಅಣ್ಣ, ಅವನ ಹಿಂದೆ ಭೂತ. ಒಂದು ವರ್ಷ ಹುಳಿ ಹಿಡಿಯದಂತೆ ಕಾದುಕೊಂಡು ಬಂದದ್ದು ನನ್ನ ಕಣ್ಣೆದುರೇ ಹಾಳಾಗುತ್ತಿತ್ತು. ಸಿಟ್ಟಿಗಿಂತ ಹೆಚ್ಚು ದುಃಖವಾಯಿತು. ಇವರ್ಯಾರೂ ಕೆಟ್ಟವರಲ್ಲ. ಪ್ರೀತಿಯಿಂದಲೇ ಕೆಡಿಸಲು ಹೊರಟಿದ್ದರು, ಅಂಥವರ ಹತ್ತಿರ ಜಗಳವಾಡುವುದು ಹೇಗೆ?

ಜಂಕ್ಷನ್ನಿನಲ್ಲಿ ವಾಲಗದವರು ನನ್ನ ಸನ್ನೆಗಾಗಿ ಕಾಯುತ್ತ ನಿಂತಿದ್ದರು. ಅವರನ್ನು ನೋಡಿದಾಗ ನಾನು ಎಂಥ ದಡ್ಡ ಎಂದು ಹೊಳೆಯಿತು. ಇಳಿದ ಮೇಲೆ ಬಾರಿಸಿ ಎಂದಿದ್ದೆನಲ್ಲ! ಕೊಡಗಿನಲ್ಲಿ ಹುಟ್ಟಿ ಬೆಳೆದವನು ಹೇಳುವ ಮಾತೇ ಅದು? ಮದುವೆ ಮನೆಯಲ್ಲಿ ವಾಲಗ ಶುರುವಾದರೆ ಊಟದ ಎಲೆ ಬಿಟ್ಟು ಎದ್ದು ಬಂದು ಕುಣಿಯುವ ಜನ ನಾವು. ಯಾವ ಭಾಷೆಯವರೇ ಇರಲಿ, ಆ ಬಡಿತಕ್ಕೆ ಕಾಲು ಸುಮ್ಮನಿರುವುದಿಲ್ಲ. ನಾನು ಜೀಪಿನಿಂದ ಅರ್ಧ ಹೊರಗೆ ಬಾಗಿ, ಇದ್ದ ಶಕ್ತಿಯನ್ನೆಲ್ಲ ಹಾಕಿ ಕೂಗಿದೆ:

"ಮೊದಲು ಬಾರಿಸಿ!"

ಕೊಂಬು ಕೂಗಿತು, ಡೋಲಿನಂಥ ಕೊಟ್ಟು ಗುಡುಗಿತು, ವಾಲಗ ಹಿಡಿದುಕೊಂಡಿತು.

ಮೊದಲು ಅಲ್ಲಾಡಿದ್ದು ಡ್ರೈವರಿನ ಬಲ ಭುಜ. ಅವರು ಅದನ್ನು ಎಡಗೈಯಿಂದ ಒತ್ತಿ ಹಿಡಿದರು. ಆಗ ಎಡ ಭುಜ ಎದ್ದಿತು. ಹಲ್ಲು ಕಚ್ಚಿದರು, ಸ್ಟೀರಿಂಗ್ ತಬ್ಬಿಕೊಂಡರು. ಹಿಂದೆ ಐದು ಜೊತೆ ಕಾಲು ಜೀಪಿನ ತಗಡಿನ ಮೇಲೆ ತಾಳ ಹಾಕುತ್ತಿದ್ದವು. ಐವತ್ತೊಂದು ವಾರ ನಾಲ್ಕು ಜನ ಹೊರಗಿನಿಂದ ಅಲ್ಲಾಡಿಸಿದರೂ ಅಷ್ಟು ಅಲ್ಲಾಡದ ಜೀಪು ಈಗ ಒಳಗಿನಿಂದ ಕುಣಿಯತೊಡಗಿತು. ಅರ್ಧ ನಿಮಿಷ ತಡೆದಿರಬಹುದು. ಆಮೇಲೆ ಡ್ರೈವರ್ ಇಂಜಿನ್ ಆಫ್ ಮಾಡಿ, ಬಾಗಿಲು ಒದ್ದು, ಅಳುತ್ತಿದ್ದಾರೋ ನಗುತ್ತಿದ್ದಾರೋ ತಿಳಿಯದ ದನಿಯಲ್ಲಿ ಕೂಗಿಬಿಟ್ಟರು:

"ಪಾಲಿಬೆಟ್ಟ ಬಂತು! ಇಳೀರಿ!"

ಎಲ್ಲರಿಗಿಂತ ಮೊದಲು ಹಾರಿದವರು ಮಂಡಿನೋವಿನ ಅಕ್ಕ. ಹಾರಿದ್ದಲ್ಲದೆ ಸೆರಗು ಸಿಕ್ಕಿಸಿ, ಎರಡೂ ಕೈ ಮೇಲೆತ್ತಿ ನಡುವಿಗೆ ಹೋಗಿ ನಿಂತರು. "ಅಕ್ಕನ ಮಂಡಿ ಗುಣ ಆಯ್ತು!" ಎಂದು ಜನ ಕೇಕೆ ಹಾಕಿದರು. ಬಾಕಿ ನಾಲ್ಕು ಜನ ಹಿಂದೆಯೇ ಬಂದರು. ಕ್ಯಾಮೆರಾದವರು ಕೈಯಲ್ಲಿದ್ದುದನ್ನು ಸೀಟಿನ ಮೇಲಿಟ್ಟು ಇಳಿದರು. ಯಜಮಾನರು ಸಿಟ್ಟಿನಿಂದ ಕಾರಿನ ಬಾಗಿಲು ದಡಾರನೆ ಹಾಕಿ, ನನಗೆ ಬೈಯಲೆಂದೇ ಬೆರಳೆತ್ತಿಕೊಂಡು ಬಂದರು. ಎತ್ತಿದ ಬೆರಳು ಅರ್ಧ ದಾರಿಯಲ್ಲಿ ತಾಳಕ್ಕೆ ಸಿಕ್ಕಿತು, ಬೈಗುಳ ಬಾಯಲ್ಲೇ ಉಳಿಯಿತು. ನಾನು ಜೀಪಿನ ಪಕ್ಕದಲ್ಲಿ ನಿಂತು 'ಕಟ್' ಹೇಳಬೇಕಾದವನು. ಹೇಳಲಿಲ್ಲ. ನಾನೂ ನಡುವಿನಲ್ಲಿದ್ದೆ. ಗೆದ್ದೆ ಗೆದ್ದೆ ಎಂದು ಕುಣಿದೆ, ನನ್ನನ್ನು ಸೋಲಿಸಲು ಬಂದವರ ಹೆಗಲ ಮೇಲೆ ಕೈ ಹಾಕಿಕೊಂಡೇ ಕುಣಿದೆ.

ಬಾನೆಟ್ಟಿನ ಕ್ಯಾಮೆರಾ ಮಾತ್ರ ತನ್ನಷ್ಟಕ್ಕೆ ಓಡುತ್ತಿತ್ತು. ಬ್ಯಾಟರಿ ಮುಗಿಯುವ ತನಕ ಅದು ಹಿಡಿದದ್ದು ಖಾಲಿ ಜೀಪು, ಅದರಾಚೆ ಕುಣಿಯುವ ನಾವು. ನಾನು ಬರೆದ ಕೊನೆಯ ಪುಟಕ್ಕಿಂತ ಅದೇ ಮೇಲಾಗಿತ್ತು. ಹಾಗೆಯೇ ಹಾಕಿದೆವು.

ಸೋಮವಾರ ಬೆಳಿಗ್ಗೆ ಯಜಮಾನರು ನನ್ನನ್ನು ಆಫೀಸಿಗೆ ಕರೆಸಿಕೊಂಡರು. "ಜನ ಬೈತಾರೆ, ನೀವೇ ಕೂತು ಕೇಳಿ" ಎಂದು ಫೋನನ್ನು ನನ್ನ ಎದುರಿಗಿಟ್ಟರು. ಅದು ಬಿಡುವಿಲ್ಲದೆ ಬಡಿದುಕೊಳ್ಳುತ್ತಿತ್ತು. ಮೊದಲ ಕರೆ ಅಮ್ಮತ್ತಿಯ ಒಬ್ಬ ಅಮ್ಮನದು.

"ಮುಗೀತದೆ ಅಂತ ಅಳ್ಲಿಕ್ಕೆ ನಾವು ಮನೆಮಂದಿಯೆಲ್ಲ ಕರ್ಚೀಫ್ ಹಿಡ್ಕೊಂಡೇ ಕೂತಿದ್ದೆವು. ವಾಲಗ ಶುರುವಾಯ್ತಲ್ಲ, ಅಳ್ಲಿಕ್ಕೆ ಪುರುಸೊತ್ತೇ ಸಿಗಲಿಲ್ಲ. ಅದೇ ಕರ್ಚೀಫ್ ಬೀಸಿಕೊಂಡು ಟಿ.ವಿ. ಎದುರು ಕುಣಿದದ್ದೇ ಕುಣಿದದ್ದು! ನಮ್ಮತ್ತೆಗೆ ಇನ್ನೂ ನಿಲ್ಲಿಸಲಿಕ್ಕೆ ಆಗ್ಲಿಲ್ಲ. ಆ ಕೊನೇ ಕಂತು ಇನ್ನೊಂದು ಸಲ ಹಾಕ್ತೀರಾ?"

ಎರಡನೆಯವರೂ ಅದನ್ನೇ ಕೇಳಿದರು, ಮೂರನೆಯವರೂ ಅದನ್ನೇ. ಮಧ್ಯಾಹ್ನದ ತನಕ ಒಬ್ಬರೂ ಬೈಯಲಿಲ್ಲ. ಯಜಮಾನರು ಫೋನನ್ನು ಮೆಲ್ಲಗೆ ಕೆಳಗಿಟ್ಟರು. ಆಮೇಲೆ ಕುರ್ಚಿ ಹತ್ತಿರ ಎಳೆದು, ನನ್ನ ಹೆಗಲ ಮೇಲೆ ಕೈ ಹಾಕಿ, ತುಂಬ ಬೇಸರದಿಂದ ಹೇಳಿದರು:

"ಅಲ್ಲ ರೈಟ್ರೇ, ಮುಗಿಸಿದರೆ ಇಷ್ಟು ಚೆಂದ ಇರ್ತದೆ ಅಂತ ನೀವು ಮೊದಲೇ ಹೇಳಬಾರದಿತ್ತಾ? ಮೊದಲನೇ ವಾರವೇ ಮುಗಿಸಿಬಿಡ್ತಿದ್ದೆ!"